ರಾತ್ರಿ ಪಾಳಿಯ ಫೋನ್ ಕರೆ

"ಸರ್, ಎಂಟನೇ ಬೆಡ್ ಪೇಷಂಟ್ ಯಾಕೋ ಸರಿ ಕಾಣ್ತಿಲ್ಲ." ರಾತ್ರಿ ಎರಡು ಗಂಟೆಗೆ ನರ್ಸ್ ಹೀಗೆ ಫೋನ್ ಮಾಡಿದರೆ, ನಿದ್ದೆಗಣ್ಣಿನ ಡಾಕ್ಟರಿಗೆ ಈಗಲೇ ಓಡಬೇಕೋ, ಬೆಳಗ್ಗೆ ನೋಡಿದರೆ ಸಾಕೋ ತಿಳಿಯುವುದಿಲ್ಲ. ರೋಗಿಯ ಪಕ್ಕದಲ್ಲೇ ಇರುವ ನರ್ಸ್‌ಗೆ ಬಹಳಷ್ಟು ಗೊತ್ತಿರುತ್ತದೆ. ಅದನ್ನು ಯಾವ ಕ್ರಮದಲ್ಲಿ ಹೇಳಬೇಕೆಂದು ಕಲಿಸಿದವರು ಕಡಿಮೆ.

ಅಂಥ ಒಂದು ಕ್ರಮದ ಹೆಸರು ಎಸ್‌ಬಿಎಆರ್. ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಈ ಪದ್ಧತಿಯನ್ನು ಕೈಸರ್ ಪರ್ಮನೆಂಟೆ ಸಂಸ್ಥೆಯ ಡಾ. ಮೈಕೆಲ್ ಲಿಯೊನಾರ್ಡ್ ಮತ್ತು ಸಂಗಡಿಗರು ಆಸ್ಪತ್ರೆಗೆ ಒಗ್ಗಿಸಿದರು. ಹೇಳಬೇಕಾದದ್ದು ನಾಲ್ಕೇ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನನ್ನಿಸುತ್ತದೆ, ನಿಮ್ಮಿಂದ ಏನಾಗಬೇಕು. ಆಗ ಅದೇ ಕರೆ ಹೀಗಿರುತ್ತದೆ: "ಸರ್, ಎಂಟನೇ ಬೆಡ್, ಪಲ್ಸ್ 124, ಬಿಪಿ 90/60. ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ, ಸಂಜೆ ಬಿಪಿ 120/80 ಇತ್ತು, ಈಗ ಡ್ರೈನ್‌ನಲ್ಲಿ ರಕ್ತ ಜಾಸ್ತಿ ಬರ್ತಿದೆ. ಒಳಗೆ ಬ್ಲೀಡಿಂಗ್ ಇರಬಹುದು ಅನ್ಸುತ್ತೆ. ತಕ್ಷಣ ಬಂದು ನೋಡಿ ಸರ್. ಅಷ್ಟರಲ್ಲಿ ಬ್ಲಡ್ ಬ್ಯಾಂಕಿಗೆ ಹೇಳಲಾ?"

ಮೊದಲ ಎರಡು ಮಾತು ಬೇಗ ರೂಢಿಯಾಗುತ್ತವೆ. ಕಷ್ಟವಿರುವುದು ಕೊನೆಯ ಎರಡರಲ್ಲಿ. "ಡಾಕ್ಟರಿಗೆ ನಾನು ಹೇಳೋದಾ?" ಎಂಬ ಹಿಂಜರಿಕೆ ನಾಲಿಗೆಯನ್ನು ಕಟ್ಟುತ್ತದೆ. ಹಾಗಾಗಿ ತರಬೇತಿಯ ಹೆಚ್ಚಿನ ಹೊತ್ತು ಇದಕ್ಕೇ ಮೀಸಲಾಗಬೇಕು. ಭಾಷಣದಿಂದ ಇದು ಬರುವುದಿಲ್ಲ, ಬಾಯಿಬಿಟ್ಟು ಅಭ್ಯಾಸ ಮಾಡಿಯೇ ಬರಬೇಕು. ಕೇಸ್ ಶೀಟ್ ಮುಂದಿಟ್ಟುಕೊಂಡು, ಚೀಟಿಯಲ್ಲಿ ನಾಲ್ಕು ಸಾಲು ಬರೆದು, ನಂತರ ಕರೆ. ತರಬೇತುದಾರರು ಸಿಡುಕುವ ಡಾಕ್ಟರಾಗಿ "ಬೆಳಗ್ಗೆ ನೋಡೋಣ" ಎನ್ನಬೇಕು. ನರ್ಸ್ ದನಿ ಏರಿಸದೆ, "ಇಲ್ಲ ಸರ್, ಬೆಳಗ್ಗೆವರೆಗೆ ಕಾಯೋದು ಅಪಾಯ ಅನ್ಸುತ್ತೆ" ಎಂದು ಎರಡನೇ ಸಲ ಹೇಳುವುದನ್ನು ರೂಢಿಸಿಕೊಳ್ಳಬೇಕು.

ಫೋನಿನಲ್ಲಿ ಬಂದ ಸೂಚನೆಯನ್ನು ಬರೆದುಕೊಂಡು ಓದಿ ಹೇಳುವುದೂ ಪಾಠದ ಭಾಗವೇ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ ಬೀಳುತ್ತವೆ. "ಒನ್ ಫೈವ್" ಎಂದು ಅಂಕಿ ಬಿಡಿಸಿ ಹೇಳಿದರೆ ಗೊಂದಲವಿಲ್ಲ.

ನರ್ಸ್‌ಗಳನ್ನಷ್ಟೇ ಕೂರಿಸಿ ಕಲಿಸುವುದು ಅರ್ಧ ಕೆಲಸ. ಕರೆ ಕೇಳುವ ಹಿರಿಯರಿಗೂ ಪಾಠ ಬೇಕೆಂಬುದನ್ನು ವಿಮಾನಯಾನ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 1978ರ ಡಿಸೆಂಬರ್ 28ರಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕಂಪನಿಯ 173 ಸಂಖ್ಯೆಯ ವಿಮಾನ ಪೋರ್ಟ್‌ಲ್ಯಾಂಡ್ ಬಳಿ ಇಂಧನ ಮುಗಿದು ಬಿದ್ದು 10 ಮಂದಿ ಸತ್ತರು. ಇಂಧನದ ವಿಷಯ ಕಾಕ್‌ಪಿಟ್‌ನಲ್ಲಿ ಪ್ರಸ್ತಾಪವಾಗಿತ್ತು. ಆದರೆ ಕಿರಿಯರು ಒತ್ತಿ ಹೇಳಲಿಲ್ಲ, ಚಕ್ರದ ತೊಂದರೆಯಲ್ಲಿ ಮುಳುಗಿದ್ದ ಕ್ಯಾಪ್ಟನ್ ಗಮನ ಕೊಡಲಿಲ್ಲ. 1981ರಲ್ಲಿ ಆ ಕಂಪನಿ ಆರಂಭಿಸಿದ ತರಬೇತಿಯಲ್ಲಿ ಕ್ಯಾಪ್ಟನ್‌ಗಳೂ ಕೂರಬೇಕಾಯಿತು.

ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರುಗಳಿಗೂ ಅದೇ ಪಾಠ ಬೇಕು. ಕರೆ ಅನಗತ್ಯವೆನಿಸಿದರೂ "ಫೋನ್ ಮಾಡಿದ್ದು ಒಳ್ಳೇದಾಯ್ತು ಸಿಸ್ಟರ್" ಎನ್ನಲಿ. ಗದರಿಸಿದರೆ ಮುಂದಿನ ಕರೆ ತಡವಾಗಿ ಬರುತ್ತದೆ. ತಿಂಗಳ ಬಳಿಕ, ನರ್ಸ್‌ಗಳು ಕರೆಗೆ ಮೊದಲು ಬರೆದ ಚೀಟಿಗಳನ್ನು ತೆಗೆದು ನೋಡಿ. ನಾಲ್ಕನೇ ಸಾಲು ಖಾಲಿ ಇರುವ ಚೀಟಿಗಳೇ ಹೆಚ್ಚಿದ್ದರೆ, ಮುಂದಿನ ತರಗತಿಗೆ ಮೊದಲು ಡಾಕ್ಟರುಗಳನ್ನು ಕರೆಯಿರಿ.