ಆಲೇಖದ ಅಕ್ಷಗಳೂ ಅವುಗಳ ಮೇಲಣ ಗುರುತುಗಳೂ

ಅಂಕಿಗಳ ಉದ್ದನೆಯ ಪಟ್ಟಿಯಿಂದ ಹೊಳೆಯದ ಸಂಗತಿಯನ್ನು ಆಲೇಖವು ಒಂದೇ ನೋಟಕ್ಕೆ ತೋರಿಸಬಲ್ಲುದು. ಆದರೆ ಆ ನೋಟದ ಸತ್ಯತೆ ಅಕ್ಷಗಳನ್ನು ಅವಲಂಬಿಸಿದೆ. ಪೈಥಾನ್ ಭಾಷೆಯಲ್ಲಿ ಆಲೇಖಗಳನ್ನು ರಚಿಸಲು ಬಹುಮಂದಿ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಸಾಧನವನ್ನು ಅಮೆರಿಕದ ನರಜೀವವಿಜ್ಞಾನಿ ಜಾನ್ ಹಂಟರ್ ಅವರು ೨೦೦೩ರಲ್ಲಿ ಬಳಕೆಗೆ ತಂದರು. ಬಳಸುವವರು ಏನನ್ನೂ ಸೂಚಿಸದಿದ್ದರೆ ಅದು ಅಕ್ಷಗಳನ್ನು ತಾನಾಗಿಯೇ ಗೊತ್ತುಮಾಡುತ್ತದೆ. ಈ ಸೌಕರ್ಯದಲ್ಲಿಯೇ ತಪ್ಪಿಗೂ ಎಡೆಯುಂಟು.

ಕರ್ನಾಟಕದ ಜನಗಣತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೧೯೬೧ರಲ್ಲಿ ೨,೩೫,೮೬,೭೭೨ ಇದ್ದ ಜನಸಂಖ್ಯೆ ೨೦೧೧ರಲ್ಲಿ ೬,೧೦,೯೫,೨೯೭ಕ್ಕೆ ಏರಿತು. ಎಂದರೆ ಸುಮಾರು ಎರಡೂವರೆ ಪಟ್ಟಾಯಿತು. ನಡುವಣ ಗಣತಿಗಳನ್ನೂ ಕೂಡಿಸಿ ಆರು ಬಿಂದುಗಳ ರೇಖೆಯನ್ನೆಳೆದರೆ ಮೂರು ದೋಷಗಳು ಕಾಣುತ್ತವೆ. ಮೊದಲನೆಯದು, ಲಂಬ ಅಕ್ಷವು ಸೊನ್ನೆಯಿಂದ ಆರಂಭವಾಗದೆ ಸುಮಾರು ೨.೧೭ ಕೋಟಿಯಿಂದ ಆರಂಭವಾಗುತ್ತದೆ. ಇದರಿಂದ ಕೊನೆಯ ಬಿಂದುವು ತಳದಿಂದ ಮೊದಲ ಬಿಂದುವಿಗಿಂತ ಇಪ್ಪತ್ತೊಂದು ಪಟ್ಟು ಎತ್ತರದಲ್ಲಿ ನಿಲ್ಲುತ್ತದೆ. ಎರಡನೆಯದು, ಅಡ್ಡ ಅಕ್ಷದ ಗುರುತುಗಳು ೧೯೬೦, ೧೯೭೦ ಎಂದು ಬೀಳುತ್ತವೆ. ಗಣತಿ ನಡೆದುದಾದರೋ ೧೯೬೧, ೧೯೭೧ರಲ್ಲಿ. ಮೂರನೆಯದು, ಗುರುತುಗಳ ಬಳಿ ೩, ೪, ೫ ಎಂಬಂಥ ಚಿಕ್ಕ ಅಂಕಿಗಳಷ್ಟೇ ಇದ್ದು, ಹತ್ತರ ಏಳನೆಯ ಘಾತದಿಂದ ಗುಣಿಸಬೇಕೆಂಬ ಸಂಕೇತವು ಅಕ್ಷದ ನೆತ್ತಿಯಲ್ಲಿ ಪ್ರತ್ಯೇಕವಾಗಿ ಮೂಡುತ್ತದೆ. ಆ ಪ್ರಮಾಣವೇ ನಮ್ಮ ಕೋಟಿ ಎಂಬುದು ಓದುಗರಿಗೆ ತಟ್ಟನೆ ಹೊಳೆಯಲಾರದು.

ಇವುಗಳ ಪರಿಹಾರಕ್ಕೆ ಒಂದು ಭೇದವನ್ನು ತಿಳಿದಿರಬೇಕು. ಗುರುತು ಎಲ್ಲಿ ಬೀಳಬೇಕೆಂಬುದನ್ನು ಲೊಕೇಟರ್ ನಿರ್ಧರಿಸುತ್ತದೆ; ಅದರ ಬಳಿ ಏನು ಬರೆಯಬೇಕೆಂಬುದನ್ನು ಫಾರ್ಮ್ಯಾಟರ್ ನಿರ್ಧರಿಸುತ್ತದೆ. 'ಸೆಟ್_ಎಕ್ಸ್‌ಟಿಕ್ಸ್' ಎಂಬ ಆದೇಶಕ್ಕೆ ಆರು ಗಣತಿವರ್ಷಗಳನ್ನು ಒದಗಿಸಿದರೆ ಗುರುತುಗಳು ಸರಿಯಾದ ಸ್ಥಾನದಲ್ಲಿ ನಿಲ್ಲುತ್ತವೆ. 'ಸೆಟ್_ವೈಲಿಮ್' ಎಂಬುದರಿಂದ ಲಂಬ ಅಕ್ಷದ ತಳವನ್ನು ಸೊನ್ನೆಗೆ ಇಳಿಸಬಹುದು. 'ಫಂಕ್‌ಫಾರ್ಮ್ಯಾಟರ್' ಎಂಬುದಕ್ಕೆ ಚಿಕ್ಕದೊಂದು ಸೂತ್ರವನ್ನು ಬರೆದುಕೊಟ್ಟರೆ, ಅದು ಪ್ರತಿಯೊಂದು ಬೆಲೆಯನ್ನೂ ಕೋಟಿಯಿಂದ ಭಾಗಿಸಿ, ಅಂಕಿಗಳನ್ನು ಕನ್ನಡಕ್ಕೆ ಮಾರ್ಪಡಿಸಿ, '೪ ಕೋಟಿ' ಎಂದು ಬರೆಯುತ್ತದೆ. ಸಾಧನವು ತಾನಾಗಿ ಬಳಸುವ ಡೇಜಾವು ಸ್ಯಾನ್ಸ್ ಎಂಬ ಫಾಂಟಿನಲ್ಲಿ ಕನ್ನಡವಿಲ್ಲ. ಆದಕಾರಣ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಹೆಸರಿಸತಕ್ಕದ್ದು. ಇಲ್ಲವಾದರೆ ಅಕ್ಷರಗಳಿಗೆ ಬದಲಾಗಿ ಬರಿಯ ಚೌಕಗಳು ಕಾಣುವುವು.

ಒಂದು ಎಚ್ಚರಿಕೆ ಅವಶ್ಯ. 'ಸೆಟ್_ಎಕ್ಸ್‌ಟಿಕ್‌ಲೇಬಲ್ಸ್' ಎಂಬ ಆದೇಶವು ಗುರುತಿನ ಸ್ಥಾನವನ್ನು ಮುಟ್ಟದೆ ಬರಹವನ್ನು ಮಾತ್ರ ಬದಲಿಸುತ್ತದೆ. ಸ್ಥಾನಗಳನ್ನು ಮೊದಲೇ ಸ್ಥಿರಪಡಿಸದೆ ಇದನ್ನು ಬಳಸುವುದು, ಮೈಲಿಗಲ್ಲನ್ನು ಇದ್ದಲ್ಲಿಯೇ ಬಿಟ್ಟು ಅದರ ಮೇಲಿನ ಅಂಕಿಯನ್ನು ಮಾತ್ರ ತಿದ್ದಿದಂತಾಗುತ್ತದೆ. ದಾರಿಹೋಕನು ಕಲ್ಲನ್ನು ನಂಬಿಯೇ ನಡೆಯುತ್ತಾನೆ. ಆಲೇಖವನ್ನು ಓದುವವರೂ ಅಷ್ಟೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಆಲೇಖಕಾರರ ಮೊದಲ ಕರ್ತವ್ಯ.