ವಿಮಾನಕ್ಕೆ ದಾರಿ ಹೇಳುವ ‘ಗಗನ್’

ನೀವು ಕ್ಯಾಬ್ ಬುಕ್ ಮಾಡಿ ರಸ್ತೆ ಬದಿ ನಿಂತಿದ್ದೀರಿ ಅಂದುಕೊಳ್ಳಿ. ಮೊಬೈಲಿನ ಮ್ಯಾಪಿನಲ್ಲಿ ನಿಮ್ಮನ್ನು ತೋರಿಸುವ ನೀಲಿ ಚುಕ್ಕೆ ಮಾತ್ರ ರಸ್ತೆಯ ಆಚೆ ಬದಿಗಿರುತ್ತದೆ. ಡ್ರೈವರ್ ಅಲ್ಲಿ ಹೋಗಿ ಹುಡುಕುತ್ತಾನೆ, ನೀವು ಇಲ್ಲಿಂದ ಕೈ ಬೀಸುತ್ತೀರಿ. ನಾನಿರುವ ಖಾರಘರದಲ್ಲಿ ಇದು ಮಾಮೂಲು. ಹತ್ತು ಮೀಟರ್ ತಪ್ಪಿದರೆ ನಷ್ಟವೇನಿಲ್ಲ. ಆದರೆ ಅದೇ ತಪ್ಪು, ಮೋಡದೊಳಗಿಂದ ಇಳಿಯುತ್ತಿರುವ ವಿಮಾನದ ಎತ್ತರದ ಲೆಕ್ಕದಲ್ಲಿ ಆದರೆ?

ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನವಿ ಮುಂಬೈ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಿಂದ ಪ್ರಯಾಣಿಕ ವಿಮಾನಗಳು ಓಡಾಡುತ್ತಿವೆ. ಹತ್ತಿರದಲ್ಲೇ ಬೆಟ್ಟಗಳಿವೆ, ಖಾಡಿ ಇದೆ; ಮಳೆಗಾಲದಲ್ಲಿ ಎದುರಿನ ಕಟ್ಟಡವೂ ಕಾಣದ ದಿನಗಳಿವೆ. ಇಂಥ ಕಡೆ ಪೈಲಟ್ ಕಣ್ಣನ್ನೊಂದೇ ನಂಬಿ ಇಳಿಯುವಂತಿಲ್ಲ.

ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಪಕ್ಕದ ಉಪಕರಣಗಳು ರೇಡಿಯೊ ಅಲೆಗಳಿಂದ ದಾರಿ ತೋರಿಸುತ್ತವೆ. ಇದಕ್ಕೆ ಐಎಲ್ಎಸ್ ಎನ್ನುತ್ತಾರೆ. ರನ್‌ವೇಯ ಯಾವ ತುದಿಯಿಂದ ಇಳಿಯಬೇಕೋ ಆ ತುದಿಗೆ ಪ್ರತ್ಯೇಕ ಉಪಕರಣ ಬೇಕು, ಖರ್ಚೂ ಹೆಚ್ಚು. ಸಣ್ಣ ಊರುಗಳ ನಿಲ್ದಾಣಗಳಿಗೆ ಇದು ಸುಲಭವಲ್ಲ. ಹಾಗಾದರೆ ಉಪಗ್ರಹದಿಂದಲೇ ದಾರಿ ತಿಳಿಯಬಹುದಲ್ಲ?

ತಿಳಿಯಬಹುದು, ಆದರೆ ಬರೀ ಜಿಪಿಎಸ್ ಸಾಲದು. ಸೂರ್ಯನ ಕಿರಣಗಳಿಂದ ಮೇಲಿನ ವಾಯುಮಂಡಲದ ಒಂದು ಪದರ ವಿದ್ಯುದಾವೇಶ ಪಡೆಯುತ್ತದೆ. ಇದೇ ಅಯಾನುಮಂಡಲ. ಉಪಗ್ರಹದ ಸಂಕೇತ ಅದನ್ನು ದಾಟುವಾಗ ಸ್ವಲ್ಪ ತಡವಾಗುತ್ತದೆ; ಆ ತಡವೇ ಸ್ಥಾನದ ತಪ್ಪಾಗುತ್ತದೆ. ಭಾರತ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಈ ತೊಂದರೆ ನಮಗೆ ಇನ್ನೂ ಜಾಸ್ತಿ.

ಇದಕ್ಕೆ ಪರಿಹಾರವಾಗಿ ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ, ಸುಮಾರು 774 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ವ್ಯವಸ್ಥೆಯೇ ‘ಗಗನ್’. ಇದರ ಉಪಾಯ ನಮ್ಮ ಕಿರಾಣಿ ಅಂಗಡಿಯಲ್ಲೇ ಇದೆ. ಸರಿಯಾಗಿ ಒಂದು ಕೆಜಿ ಇರುವ ತೂಕದ ಕಲ್ಲನ್ನು ತಕ್ಕಡಿ ಮೇಲಿಟ್ಟಾಗ ಅದು 980 ಗ್ರಾಂ ತೋರಿಸಿದರೆ, ತಕ್ಕಡಿ 20 ಗ್ರಾಂ ಕಡಿಮೆ ಹೇಳುತ್ತಿದೆ ಎಂದು ಗೊತ್ತಾಗುತ್ತದಲ್ಲವೇ? ಹಾಗೇ ಗೋವಾ, ನಾಗಪುರ, ಅಹಮದಾಬಾದ್, ಜಮ್ಮು, ತಿರುವನಂತಪುರ, ಪೋರ್ಟ್ ಬ್ಲೇರ್ ಸೇರಿ 15 ಕಡೆ ಕೇಂದ್ರಗಳಿವೆ. ಅವುಗಳ ಸ್ಥಾನ ಮೊದಲೇ ಕರಾರುವಾಕ್ಕಾಗಿ ಅಳೆದದ್ದು. ಜಿಪಿಎಸ್ ಹೇಳುವುದಕ್ಕೂ ನಿಜಕ್ಕೂ ಎಷ್ಟು ವ್ಯತ್ಯಾಸ ಎಂದು ಅವು ಸದಾ ನೋಡುತ್ತಿರುತ್ತವೆ. ಆ ಮಾಹಿತಿ ಬೆಂಗಳೂರಿನ ಕುಂದಲಹಳ್ಳಿಯ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಲೆಕ್ಕ ಹಾಕಿದ ತಿದ್ದುಪಡಿ ಸುಮಾರು 36,000 ಕಿ.ಮೀ. ಎತ್ತರದ ಜಿಸ್ಯಾಟ್ ಉಪಗ್ರಹಕ್ಕೇರಿ, ಅಲ್ಲಿಂದ ವಿಮಾನಕ್ಕೆ ಇಳಿಯುತ್ತದೆ.

ತಿದ್ದುಪಡಿಯಷ್ಟೇ ಅಲ್ಲ, ಇನ್ನೊಂದು ಸಂದೇಶವೂ ಬರುತ್ತದೆ. ನನಗೆ ಮುಖ್ಯ ಎನಿಸುವುದು ಅದೇ. ಯಾವುದೋ ಉಪಗ್ರಹ ತಪ್ಪು ಹೇಳುತ್ತಿದ್ದರೆ, ‘ಇದನ್ನು ನಂಬಬೇಡಿ’ ಎಂಬ ಎಚ್ಚರಿಕೆ ಕೆಲವೇ ಸೆಕೆಂಡುಗಳಲ್ಲಿ ಪೈಲಟ್‌ಗೆ ತಲುಪುತ್ತದೆ. ನಮ್ಮ ಮೊಬೈಲಿನ ಚುಕ್ಕೆ ತಪ್ಪು ಜಾಗದಲ್ಲಿದ್ದರೂ ಧೈರ್ಯವಾಗಿ ಮಿನುಗುತ್ತದೆ. ವಿಮಾನಕ್ಕೆ ಅಂಥ ಧೈರ್ಯ ಅಪಾಯಕಾರಿ.

ರನ್‌ವೇಗೆ ಇಳಿಯುವಾಗ ಎತ್ತರದ ಮಾರ್ಗದರ್ಶನಕ್ಕೂ ಗಗನ್ ಬಳಸಲು 2015ರ ಏಪ್ರಿಲ್‌ನಲ್ಲಿ ಮಾನ್ಯತೆ ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಇದರ ನೆರವಿನಿಂದ ಇಳಿಯಿತು. ಆದರೂ ಎಲ್ಲ ವಿಮಾನಗಳಿಗೆ ಇದರ ಲಾಭ ಸಿಕ್ಕಿಲ್ಲ, ಏಕೆಂದರೆ ವಿಮಾನದಲ್ಲೂ ತಕ್ಕ ರಿಸೀವರ್ ಬೇಕು. 2016ರ ವಿಮಾನಯಾನ ನೀತಿ 2019ರ ಜನವರಿ 1ರಿಂದ ನೋಂದಣಿಯಾಗುವ ವಿಮಾನಗಳಿಗೆ ಇದನ್ನು ಕಡ್ಡಾಯ ಎಂದಿತ್ತು; ಆಮೇಲೆ ಗಡುವನ್ನು ಮುಂದೂಡಲಾಯಿತು. ಯಾರಾದರೂ ಬೇಕೆಂದೇ ಜಿಪಿಎಸ್ ಸಂಕೇತ ಜಾಮ್ ಮಾಡಿದರೆ ಗಗನ್ ಕೂಡ ಕೈಕೊಡಬಹುದು. ಅದಕ್ಕೇ ಐಎಲ್ಎಸ್ ಅನ್ನು ಪೂರ್ತಿ ಬಿಡುವಂತಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಮಂಗಳೂರಿಗೆ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಬದುಕಿದ್ದು 8 ಮಂದಿ. ಕರಾವಳಿಯ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ನೋವು ಇನ್ನೂ ಹಸಿ. ಗಗನ್ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಆ ರನ್‌ವೇಗೆ ಐಎಲ್ಎಸ್ ಇತ್ತು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಸಹ ಪೈಲಟ್ ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರೋಣ, ಎಂದು ಹೇಳಿದ್ದರು. ಎಚ್ಚರಿಸುವ ಯಂತ್ರದ ದನಿಯೂ ಕೇಳುತ್ತಿತ್ತು. ಆದರೂ ಇಳಿಯುವುದನ್ನು ಕೈಬಿಡಲಿಲ್ಲ ಎಂಬುದೇ ತನಿಖೆಯ ತೀರ್ಮಾನ.

ಗಗನ್ ಸರಿಯಾದ ದಾರಿ ತೋರಿಸಬಹುದು, ತಪ್ಪಾದಾಗ ಎಚ್ಚರಿಸಬಹುದು. ಆ ಎಚ್ಚರಿಕೆಗೆ ಕಿವಿಗೊಡಬೇಕಾದವರು ಮನುಷ್ಯರು. ನಮ್ಮದೂ ಒಂದು ಪಾಲು ಇದೆ. ಇನ್ನು ಮುಂದೆ ನಿಮ್ಮ ವಿಮಾನ ನೆಲದ ಹತ್ತಿರ ಬಂದು ದಿಢೀರನೆ ಮೇಲೇರಿದರೆ, ‘ಇನ್ನೂ ಅರ್ಧ ಗಂಟೆ ಲೇಟು’ ಎಂದು ಗೊಣಗಬೇಡಿ. ಪಕ್ಕದಲ್ಲಿ ಹೆದರಿ ಕೂತವರಿಗೂ ಹೇಳಿ: ಪೈಲಟ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದಾರೆ.