ಕಾದಂಬರಿಕಾರನ ಕುಲವಾವುದು?

ಧಾರವಾಡ ಜಿಲ್ಲೆಯ ಅಣ್ಣಿಗೇರಿ ಆದಿಕವಿ ಪಂಪನ ತಾಯಿಯ ತವರು. ಆಕೆ ಅಲ್ಲಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮ ಜಿನವಲ್ಲಭನು ಶಾಸನವೊಂದರಲ್ಲಿ ಕೆತ್ತಿಸಿದ್ದಾನೆ. ಪಂಪನು 941ರ ಸುಮಾರಿಗೆ ರಚಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ಒಂದು ಸನ್ನಿವೇಶವಿದೆ. ನೆರೆದ ಜನರ ಎದುರಿಗೆ ಅರ್ಜುನನಿಗೆ ಸರಿಸಾಟಿಯಾಗಿ ನಿಂತ ಕರ್ಣನನ್ನು, "ನಿನ್ನ ಕುಲವಾವುದು?" ಎಂದು ಹಿರಿಯರು ಕೇಳುತ್ತಾರೆ. ಬಿಲ್ವಿದ್ಯೆಯ ಮಾತು ಅಲ್ಲಿಗೆ ನಿಂತುಹೋಗುತ್ತದೆ.

ಆ ಕಾಲ ಕಳೆದು ಸಾವಿರ ವರ್ಷಗಳ ಮೇಲಾಯಿತು. ಬಿಲ್ಲು ಹೋಗಿ ಲೇಖನಿ ಬಂದಿತು. ಆದರೆ ಕೈಗೆ ಹೊಸ ಪುಸ್ತಕ ಬಂದೊಡನೆ, "ಹೇಗಿದೆ?" ಎಂದು ಕೇಳುವುದಕ್ಕೆ ಮುಂಚೆ, "ಬರೆದವರು ಯಾವ ಪೈಕಿ?" ಎಂದು ವಿಚಾರಿಸುವ ಚಪಲ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಅಣ್ಣಿಗೇರಿಯ ಎರೆಭೂಮಿಯನ್ನು ಬಿಟ್ಟು, ಹುಬ್ಬಳ್ಳಿಯನ್ನು ದಾಟಿ ಕಲಘಟಗಿಯ ಕಡೆಗೆ ಹೋದರೆ ಮಲೆನಾಡಿನ ಸೆರಗು ಸಿಕ್ಕುತ್ತದೆ. ಆ ತಾಲ್ಲೂಕಿನಲ್ಲಿಯೂ, ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿಯೂ ಸಿದ್ದಿ ಜನರು ವಾಸಿಸುತ್ತಾರೆ. ಇವರು ಆಫ್ರಿಕಾ ಖಂಡದಿಂದ ಬಂದವರ ಸಂತತಿ. ಅನೇಕರ ಪೂರ್ವಜರನ್ನು ಪೋರ್ತುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಹಿಂದೂ, ಮುಸ್ಲಿಮ್, ಕ್ರೈಸ್ತ, ಹೀಗೆ ಮೂರು ಮತದವರೂ ಇವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದುದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರು ಸೇರಿದುದು 2020ರಲ್ಲಿ. ಒಂದೇ ಕಾಡಿನ ಜನ ಕಾಗದದ ಮೇಲೆ ಜಿಲ್ಲೆಯ ಗಡಿ ದಾಟಲು 17 ವರ್ಷ ಹಿಡಿದುವು!

ಈಗ ವಾಚಕರು ಒಂದು ಕಲ್ಪನೆಗೆ ಎಡೆಗೊಡಬೇಕು. ಕಲಘಟಗಿಯ ಸಿದ್ದಿ ತರುಣನೊಬ್ಬ ಕಾದಂಬರಿ ಬರೆದಿದ್ದಾನೆನ್ನಿ. ಕಥಾನಾಯಕ ಅಣ್ಣಿಗೇರಿಯ ಒಬ್ಬ ಶಾಲಾಮಾಸ್ತರ. ಮಗಳ ಮದುವೆಯ ಚಿಂತೆ, ಅಣ್ಣನೊಡನೆ ಹೊಲದ ವ್ಯಾಜ್ಯ, ನಿದ್ದೆ ಬಾರದ ರಾತ್ರಿಗಳಲ್ಲಿ ಪಂಪನ ಕಾವ್ಯದ ಓದು, ಇಷ್ಟೇ ವಸ್ತು. ಪ್ರಕಾಶಕರು ಹಸ್ತಪ್ರತಿಯನ್ನು ಓದಿ, ಚಹ ತರಿಸಿ, ಕನ್ನಡಕವನ್ನು ಒರೆಸಿಕೊಳ್ಳುತ್ತಾರೆ.

"ತಮ್ಮಾ, ಭಾಳ ಚೊಲೋ ಬರದೀ. ಆದರ ಇದರಾಗ ಅಡವಿ ಎಲ್ಲದನೋ? ನಿಮ್ಮ ಡಮಾಮಿ ಎಲ್ಲದ?"

"ಸಾಲಿ ಮಾಸ್ತರ ಮನ್ಯಾಗ ಡಮಾಮಿ ಎಲ್ಲಿಂದ ಬರ್ತೈತ್ರಿ, ಸಾಹೇಬ್ರ?"

"ಅದಕ್ಕ ಹೇಳತೇನಿ, ಮಾಸ್ತರನ್ನ ಬಿಡು. ನಿಮ್ಮ ಮಂದಿ ಸಂಕಟ ಬರಿ. ಓದಿದವರ ಕಣ್ಣಾಗ ನೀರು ಬರಬೇಕು. ಮುಖಪುಟದ ಮ್ಯಾಲ ನಿನ್ನ ಫೋಟೋ ದೊಡ್ಡದಾಗಿ ಹಾಕೋಣು."

"ಮಾಸ್ತರನ ಸಂಕಟಕ್ಕ ಕಣ್ಣಾಗ ನೀರು ಬರಾಂಗಿಲ್ಲೇನ್ರಿ?"

"ಅದನ್ನ ಬರೀಲಿಕ್ಕೆ ಬ್ಯಾರೆ ಮಂದಿ ಇದ್ದಾರಲ್ಲೋ!"

ಇದು ಕೇವಲ ವಿನೋದವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಕರಿಯ ಲೇಖಕ ಪರ್ಸಿವಲ್ ಎವರೆಟ್ 2001ರಲ್ಲಿ ಪ್ರಕಟಿಸಿದ 'ಇರೇಷರ್' ಕಾದಂಬರಿಯ ಹುರುಳೇ ಇದು. ಅದರ ನಾಯಕ ಮಂಕ್ ಎಲಿಸನ್ ಒಬ್ಬ ಕರಿಯ ಪ್ರಾಧ್ಯಾಪಕ. ಪ್ರಾಚೀನ ಗ್ರೀಕ್ ಕಥೆಗಳನ್ನು ಹೊಸದಾಗಿ ಬರೆಯುವವನು. ಅವನ ಬರಹದಲ್ಲಿ ಕರಿಯತನ ಸಾಲದೆಂದು ಪ್ರಕಾಶಕರು ಹಿಂದೆ ಸರಿಯುತ್ತಾರೆ. ರೋಸಿಹೋದ ಆತ, ಕೊಲೆ ಸುಲಿಗೆಗಳನ್ನು ತುಂಬಿ, ಒರಟು ಭಾಷೆಯಲ್ಲಿ ಒಂದು ಅಣಕ ಕಥೆಯನ್ನು ಗುಪ್ತನಾಮದಿಂದ ಬರೆದು ಕಳುಹಿಸುತ್ತಾನೆ. ಅಣಕವೆಂದು ಯಾರಿಗೂ ಹೊಳೆಯುವುದಿಲ್ಲ! ಹಣದ ಹೊಳೆ ಹರಿಯುತ್ತದೆ. ಕೊನೆಗೆ ಆತನೇ ಒಬ್ಬ ತೀರ್ಪುಗಾರನಾಗಿರುವ ಬಹುಮಾನ ಸಮಿತಿಯಲ್ಲಿ, ಅವನ ವಿರೋಧವನ್ನು ಲೆಕ್ಕಿಸದೆ, ಉಳಿದವರು ಆ ಪುಸ್ತಕವನ್ನೇ ಆರಿಸುತ್ತಾರೆ. ಈ ಕಥೆಯನ್ನಾಧರಿಸಿದ 'ಅಮೆರಿಕನ್ ಫಿಕ್ಷನ್' ಚಲಚ್ಚಿತ್ರಕ್ಕೆ 2024ರಲ್ಲಿ ಚಿತ್ರಕಥೆಗಾಗಿ ಆಸ್ಕರ್ ಪ್ರಶಸ್ತಿಯೂ ದೊರೆಯಿತು.

ನಮ್ಮಲ್ಲಿ ಬಣ್ಣದ ಸ್ಥಾನವನ್ನು ಜಾತಿ ಹಿಡಿದಿದೆ. 1979ರಲ್ಲಿ ಧರ್ಮಸ್ಥಳದಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕಾಗಿ ಒಂದು ಗೋಷ್ಠಿ ಬೇಕೆಂದು ಕೇಳಿದಾಗ ಅದು ದೊರೆಯಲಿಲ್ಲ. ಸಾಹಿತ್ಯದಲ್ಲಿ ಇಂಥ ಭೇದಗಳಿಲ್ಲವೆಂಬುದು ಅಂದಿನ ಸಮಾಧಾನ. ನಿರಾಕೃತರಾದವರು ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವನ್ನು ನಡೆಸಿದರು. ಮುಚ್ಚಿದ್ದ ಬಾಗಿಲು ತೆರೆಯಿತು. ಆದರೆ ವಿಪರ್ಯಾಸವನ್ನು ನೋಡಿ! ಭೇದವೇ ಇಲ್ಲವೆಂದು ಹೊರಗೆ ನಿಲ್ಲಿಸಿದ್ದ ಸಾಹಿತ್ಯಲೋಕ, ಒಳಗೆ ಬಂದವರಿಂದ ಆ ಭೇದದ ಕಥೆಯನ್ನಲ್ಲದೆ ಬೇರೇನನ್ನೂ ನಿರೀಕ್ಷಿಸದಂತಾಯಿತು. ಮೊದಲು ಹುಟ್ಟಿನ ಮಾತು ಎತ್ತಬೇಡವೆಂದರು. ಆಮೇಲೆ ಹುಟ್ಟಿನ ಮಾತನ್ನಲ್ಲದೆ ಮತ್ತೇನನ್ನೂ ಎತ್ತಬೇಡವೆಂದರು.

ಈ ನಿರೀಕ್ಷೆಗೆ ಒಳ್ಳೆಯ ಉತ್ತರ ಕೊಟ್ಟವರು ಕವಿ ಸಿದ್ಧಲಿಂಗಯ್ಯನವರು. ದಲಿತ ಕವಿಯ ಆತ್ಮಕಥೆಯೆಂದರೆ ಕಣ್ಣೀರಿನ ಕಡಲೆಂದು ಭಾವಿಸಿ 'ಊರುಕೇರಿ'ಯನ್ನು ತೆರೆದವರು ನಕ್ಕು ನಕ್ಕು ಸುಸ್ತಾದರು. ಹಸಿವು, ಅವಮಾನಗಳೆಲ್ಲ ಅದರಲ್ಲಿವೆ. ಆದರೆ ಅವುಗಳನ್ನು ಹೇಗೆ ಹೇಳಬೇಕೆಂಬ ಅಧಿಕಾರವನ್ನು ಲೇಖಕರು ಓದುಗರ ಕೈಗೆ ಒಪ್ಪಿಸಲಿಲ್ಲ.

ಧಾರವಾಡಕ್ಕೆ ಇಂಥ ನಗೆ ಹೊಸದಲ್ಲ. ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶ್ರೀರಂಗರು 1930ರ ದಶಕದಲ್ಲಿ 'ಹರಿಜನ್ವಾರ' ಎಂಬ ನಾಟಕ ಬರೆದರು. ಆ ಹೆಸರಿನಲ್ಲಿ ಹರಿಜನರೂ ಇದ್ದಾರೆ, ಜನಿವಾರವೂ ಇದೆ. ಸ್ವತಃ ಬ್ರಾಹ್ಮಣರಾಗಿದ್ದ ಶ್ರೀರಂಗರು ವಿಡಂಬನೆಯ ಮೊದಲ ಬಾಣವನ್ನು ತಮ್ಮ ಮನೆಯ ಪಡಸಾಲೆಗೇ ಹೂಡಿದರು.

ಆ ಬಾಣ ನಮ್ಮ ಪಡಸಾಲೆಗೂ ಬರಬೇಕಾದುದು ನ್ಯಾಯ. ಪ್ರಕಾಶಕರನ್ನು ಹಳಿಯುವುದು ಸುಲಭ. ಅವರು ನಾವು ಕೊಳ್ಳುವುದನ್ನೇ ಅಚ್ಚು ಹಾಕಿಸುತ್ತಾರೆ. ಹುಟ್ಟನ್ನು ನೋಡಿ ತಿರಸ್ಕರಿಸುವವರೂ, ಹುಟ್ಟನ್ನು ನೋಡಿಯೇ ಕೊಂಡಾಡುವವರೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಎರಡನೆಯವರ ಕೈಯಲ್ಲಿ ಹೂಮಾಲೆ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ.

ತನ್ನ ಜನರ ನೋವನ್ನು ಬರೆಯುವ ಹಕ್ಕು ಕಲಘಟಗಿಯ ಆ ತರುಣನಿಗೆ ಖಂಡಿತವಾಗಿಯೂ ಇದೆ. ಬರೆದರೆ ಅದನ್ನು ಗೌರವದಿಂದ ಓದಬೇಕು. ಅಣ್ಣಿಗೇರಿಯ ಮಾಸ್ತರನನ್ನು ಬರೆಯುವ ಹಕ್ಕೂ ಅಷ್ಟೇ ದೊಡ್ಡದು. ಕುಲ ಕೇಳಿದವರ ಎದುರಿನಲ್ಲಿ ದುರ್ಯೋಧನನು ಕರ್ಣನಿಗೆ ಅಂಗರಾಜ್ಯವನ್ನು ಕೊಟ್ಟನು. ನಾವು ಲೇಖಕನಿಗೆ ರಾಜ್ಯವನ್ನು ಕೊಡಬೇಕಾಗಿಲ್ಲ; ಅವನ ರಾಜ್ಯದ ಗಡಿಯನ್ನು ನಾವು ಎಳೆಯದಿದ್ದರೆ ಸಾಕು.

ಅಂಥ ಕಾದಂಬರಿಯೊಂದು ಎಂದಾದರೂ ನಮ್ಮ ಮನೆಗೆ ಬಂದೀತು. ಅಂದು ಬರೆದವರು ಯಾವ ಪೈಕಿ ಎಂಬುದನ್ನು ಹಿಂದಕ್ಕಿಟ್ಟು, "ಮಾಸ್ತರ ಮಗಳ ಮದುವೆ ಆಯಿತೇ?" ಎಂದು ಮೊದಲು ಕೇಳೋಣ.